ಎಡಗೈ ಬರೆದ ಬಸ್ಸು

ಹಿಟ್ಟಿನ ಗಿರಣಿ ಮುಚ್ಚಿ ಅದೇ ಕಟ್ಟಡದಲ್ಲಿ ಚಿತ್ರಶಾಲೆ ತೆರೆದಾಗ ಹಳ್ಳಿಯವರು ನಕ್ಕಿದ್ದರು. ಹಿಟ್ಟು ಬೀಸಿದ್ದರೆ ಹೊಟ್ಟೆಗಾದರೂ ಆಗುತ್ತಿತ್ತು, ಬಣ್ಣ ಬಳಿದು ಏನು ತಿನ್ನುತ್ತಾಳಂತೆ ಎಂದು ಕೇಳಿದ್ದರು. ಹಾಗೆ ನಕ್ಕವರೇ ವರ್ಷ ತುಂಬುವುದರೊಳಗೆ ಮಕ್ಕಳನ್ನು ಶನಿವಾರ, ಭಾನುವಾರದ ಕ್ಲಾಸಿಗೆ ತಂದು ಬಿಟ್ಟರು. ಕಲೆಯ ಮೇಲೆ ಪ್ರೀತಿ ಹುಟ್ಟಿತೆಂದಲ್ಲ. ರಜೆಯ ದಿನ ಮನೆಯಲ್ಲಿದ್ದರೆ ನಮ್ಮ ತಲೆ ತಿನ್ನುತ್ತವೆ, ಹೋಗಿ ಆ ಟೀಚರ್ ತಲೆಯನ್ನೇ ತಿನ್ನಲಿ ಎಂದು.

ಟೀಚರ್ ಎನ್ನುವುದು ಆ ಹೆಂಗಸಿಗೆ ಊರು ಕೊಟ್ಟ ಹೆಸರು. ಅವಳು ತನ್ನನ್ನು ಟೀಚರ್ ಅಂದುಕೊಂಡವಳೇ ಅಲ್ಲ. ನಗರದ ಕಲಾಶಾಲೆಯಲ್ಲಿ ಕಲಿತು, ದೊಡ್ಡ ಕಲಾವಿದೆಯಾಗುತ್ತೇನೆಂದು ಹೊರಟವಳು. ಬಾಡಿಗೆ ಕಡಿಮೆ, ಬೆಳಕು ಧಾರಾಳ ಎಂದು ಇಲ್ಲಿಗೆ ಬಂದಳು. ಬೆಳಕೇನೋ ಧಾರಾಳವಾಗಿಯೇ ಇತ್ತು. ಅದು ಬಿದ್ದದ್ದು ಮಾತ್ರ ಕಂಡವರ ಮಕ್ಕಳ ಚಿತ್ರಗಳ ಮೇಲೆ.

ಗಿರಣಿಯ ಮುಂದಿನ ಕೋಣೆಯೇ ಗ್ಯಾಲರಿ. ರಸ್ತೆಯ ತಿರುವಿಗೆ ಎದುರಾಗಿ ಅದಕ್ಕೊಂದು ದೊಡ್ಡ ಗಾಜಿನ ಕಿಟಕಿ. ಬೀಸುವ ಯಂತ್ರ ಇದ್ದ ಹಿಂದಿನ ಕೋಣೆ ಈಗ ಕ್ಲಾಸು. ಜೋರಾಗಿ ಗಾಳಿ ಬೀಸಿದರೆ ಜಂತೆಗಳಿಂದ ಹಳೆಯ ಹಿಟ್ಟು ಇನ್ನೂ ಉದುರಿ ಮಕ್ಕಳ ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ಪಕ್ಕದ ತಗಡಿನ ಚಾವಣಿಯ ಕೆಳಗೆ ಅವಳ ಗಂಡನ ಮೇಜು. ಗಂಡ ಬಡಗಿ. ಫ್ರೇಮು ಕಟ್ಟುತ್ತಿದ್ದ, ಕ್ಯಾನ್ವಾಸ್ ಬಿಗಿಯುತ್ತಿದ್ದ, ಉಳಿದ ಹೊತ್ತು ಹೆಂಡತಿಯ ಮುಖ ನೋಡಿ ಆ ದಿನದ ಹವಾಮಾನ ಹೇಳುತ್ತಿದ್ದ.

ಜಲಪಾತಕ್ಕೆ ಹೋಗುವ ಕಾರುಗಳೆಲ್ಲ ಆ ರಸ್ತೆಯಲ್ಲೇ ಹಾಯಬೇಕು. ಅವುಗಳಿಂದ ಕೆಲವರು ಇಳಿದು, ಶೌಚಾಲಯ ಎಲ್ಲಿ ಎಂದು ಮೊದಲು ಕೇಳಿ, ಆಮೇಲೆ ದಾಕ್ಷಿಣ್ಯಕ್ಕೆ ಗ್ಯಾಲರಿಯಲ್ಲಿ ಒಂದು ಸುತ್ತು ಹಾಕಿ, ಬೆಟ್ಟದ ಹಿಂದೆ ಸೂರ್ಯ ಮುಳುಗುವ ಚಿತ್ರವೊಂದನ್ನು ಕೊಂಡು ಹೋಗುತ್ತಿದ್ದರು. ಹಾಗಾಗಿ ಟೀಚರ್ ಬೆಟ್ಟವನ್ನೂ ಸೂರ್ಯನನ್ನೂ ಬರೆದಳು. ಎಷ್ಟು ಬರೆದಳೆಂದರೆ, ಕಣ್ಣು ಮುಚ್ಚಿಕೊಂಡು ಸೂರ್ಯನನ್ನು ಮುಳುಗಿಸಬಲ್ಲವಳಾದಳು. ಒಳಗೊಳಗೆ ಅವಳಿಗಿದ್ದದ್ದು ಒಂದೇ ಆಸೆ. ಬಲ್ಲವರೊಬ್ಬರು, ಒಬ್ಬರೇ ಸಾಕು, ತನ್ನದೊಂದು ಚಿತ್ರದ ಮುಂದೆ ಕಾಲು ಕಿತ್ತಿಡಲಾಗದೆ ನಿಂತು, ಇದು ಯಾರದು ಎಂದು ಕೇಳಬೇಕು. ಅವಳಿಗೆ ವಯಸ್ಸು ಐವತ್ತು ದಾಟಿತ್ತು. ಯಾರೂ ಕೇಳಿರಲಿಲ್ಲ.

ಕ್ಲಾಸಿನಲ್ಲಿ ಅವಳದೊಂದು ಪದ್ಧತಿ ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಮಗುವಿನ ಚಿತ್ರ ಚೆನ್ನಾಗಿಲ್ಲವೆಂದರೆ ಮುಂದಿನ ವಾರ ಮಗುವೇ ಬರುವುದಿಲ್ಲ. ಚೆನ್ನಾಗಿದೆ ಎಂದು ಸುಳ್ಳು ಹೇಳಲು ಅವಳ ಕಲಾಶಾಲೆಯ ನಾಲಿಗೆ ಒಪ್ಪುತ್ತಿರಲಿಲ್ಲ. ಅದಕ್ಕೇ, “ಇದನ್ನ ಇಲ್ಲೇ ಬಿಡು ಪುಟ್ಟ, ಒಣಗಲಿ. ಗ್ಯಾಲರಿಯಲ್ಲಿ ಹಾಕ್ತೀನಿ” ಎನ್ನುತ್ತಿದ್ದಳು. ಮಗು ಕುಣಿದುಕೊಂಡು ಮನೆಗೆ ಹೋಗುತ್ತಿತ್ತು. ಚಿತ್ರ ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ನಿಲ್ಲುತ್ತಿತ್ತು. ಮಗು ಕ್ಲಾಸು ಬಿಟ್ಟ ಮೇಲೋ ಮರೆತ ಮೇಲೋ ಗಂಡ ಅದನ್ನು ಎತ್ತಿಕೊಂಡು ಹೋಗಿ ಎರಡು ಕೋಟು ಬಿಳಿ ಬಳಿಯುತ್ತಿದ್ದ. ಕ್ಯಾನ್ವಾಸ್ ಮತ್ತೆ ಹೊಸದು, ಅದರ ಮೇಲೆ ಮತ್ತೊಬ್ಬರ ಹೂಜಿ, ಮತ್ತೊಬ್ಬರ ಬೆಕ್ಕು. ಮಕ್ಕಳು ಬೇಗ ಮರೆಯುತ್ತವೆ, ದೊಡ್ಡವರು ಕೇಳುವುದಿಲ್ಲ. ಇದರಲ್ಲಿ ಮೋಸವಿದೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಹೀಗಿರುವಾಗ ಬೇಸಿಗೆಯ ಒಂದು ಬೆಳಿಗ್ಗೆ, ಕ್ಲಾಸಿಲ್ಲದ ದಿನ, ಬಸ್ಸಿನ ಡ್ರೈವರ್ ಬಂದು ಹೊಸ್ತಿಲಾಚೆ ನಿಂತ. ದಿನಾ ಆ ತಿರುವಿನಲ್ಲಿ ಹೋಗಿ ಬರುವ ಕೆಂಪು ಬಸ್ಸಿನವನು. ಒಳಗೆ ಬರಬೇಕೋ ಬೇಡವೋ ತಿಳಿಯದೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

“ಟೀಚರ್, ನಮ್ಮ ಕೂಸು ನಿಮ್ಮ ಹತ್ರ ಕ್ಲಾಸಿಗೆ ಬರ್ತಿತ್ತು.”

ಯಾವ ಕೂಸು ಎಂದು ನೆನಪಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತೇ ಬೇಕಾಯಿತು. ಕಡ್ಡಿಯಂಥ ಹುಡುಗಿ, ಬಾಯಿ ಮುಚ್ಚಿದ್ದೇ ಇಲ್ಲ, ಕ್ಲಾಸಿನವರು ರೇಡಿಯೊ ಎಂದು ಹೆಸರಿಟ್ಟಿದ್ದರು. ಹೋದ ಚಳಿಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳಂತೆ ಎಂಬ ಸುದ್ದಿ ಬಂದಿತ್ತು. ಟೀಚರ್ “ಅಯ್ಯೋ ಪಾಪ” ಎಂದಿದ್ದಳು; ಎಂದು, ಹೂಜಿಯ ಕೆಳಗೆ ನೆರಳು ಹೇಗೆ ಬೀಳುತ್ತದೆ ಎಂಬ ಪಾಠ ಮುಂದುವರಿಸಿದ್ದಳು.

“ಗೊತ್ತಾಯ್ತು. ತುಂಬಾ ಸಂಕಟ ಆಯ್ತು” ಎಂದಳು ಈಗ.

“ಅವಳು ನನ್ನ ಬಸ್ ಬರೆದಿದ್ಲಂತೆ, ನಾನು ಓಡಿಸ್ತಿರೋ ಹಾಗೆ. ಟೀಚರ್ ಗ್ಯಾಲರಿಯಲ್ಲಿ ಹಾಕಿದ್ದಾರೆ, ನೋಡು ಬಾ ಅಪ್ಪಾ ಅಂತ ಪ್ರಾಣ ತಿನ್ನೋಳು. ನಾನೂ ತಿರುವಲ್ಲಿ ನಿಧಾನ ಮಾಡಿ ಕಿಟಕಿ ಕಡೆ ನೋಡ್ತಿದ್ದೆ, ಕಾಣ್ತಿರಲಿಲ್ಲ. ಒಳಗಡೆ ಹಾಕಿರ್ಬೇಕು ಅಂದ್ಕೊಂಡೆ. ಇಳಿದು ಬರೋಣ ಅಂದ್ರೆ, ಈ ಗ್ಯಾಲರಿ ಗೀಲರಿ ನಮ್ಮಂಥೋರಿಗಲ್ಲ ಅಂತ ಒಂಥರಾ ಹಿಂಜರಿಕೆ. ಈಗ ಒಂದ್ಸಲ ನೋಡ್ಬಹುದಾ?”

ಕೇಳುತ್ತಲೇ ಅವನ ಕಣ್ಣು ಗೋಡೆಯ ಉದ್ದಕ್ಕೂ ಹುಡುಕುತ್ತಿತ್ತು. ಬೆಟ್ಟ, ಸೂರ್ಯ, ಬೆಟ್ಟ, ಸೂರ್ಯ.

ಟೀಚರ್ ಒಳಗಿನ ಬಾಗಿಲಿನ ಕಡೆ ನೋಡಿದಳು. ಪಕ್ಕದಲ್ಲಿ ಗಂಡನ ಉಜ್ಜುಗೊರಡಿನ ಸದ್ದು ನಿಂತದ್ದು ಕೇಳಿಸಿತು.

“ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ ಒಳಗೆ ಕಟ್ಟಿಟ್ಟಿದ್ದೀನಿ. ಮುಂದಿನ ವಾರ ಬನ್ನಿ, ತೆಗೆದಿಡ್ತೀನಿ.”

“ಇದೆಯಲ್ವಾ? ಇದ್ರೆ ಸಾಕು ಟೀಚರ್. ಒಂದು ವಾರ ಏನು, ಕಾಯ್ತೀನಿ” ಎಂದು ಡ್ರೈವರ್ ಹೋದ.

ಗಂಡ ಕೈಯಲ್ಲಿ ಮರದ ಪಟ್ಟಿ ಹಿಡಿದುಕೊಂಡೇ ಒಳಗೆ ಬಂದ. “ಅದು ಕ್ಲಾಸಿಗೆ ಬರ್ತಿದ್ದ ಮೆಡಿಕಲ್ ಸ್ಟೋರ್ ಯಜಮಾನಿ ಬರೆದ ಗಿಳಿ ಇದೆಯಲ್ಲ, ಅದರ ಕೆಳಗಿದೆ. ಗಿಳಿ ಅವರ ಮನೆ ಸೇರಿ ಎಷ್ಟೋ ಕಾಲ ಆಯ್ತು.”

“ನೀವೇ ತಾನೆ ಬಿಳಿ ಹೊಡೆದಿದ್ದು!”

“ಹೊಡೀರಿ ಅಂದಿದ್ದು ಯಾರು? ಈಗ್ಲೂ ಕೆಟ್ಟಿಲ್ಲ, ಅವನನ್ನ ಕರೆದು ನಿಜ ಹೇಳಿಬಿಡು. ಬೈತಾನೆ, ಅಳ್ತಾನೆ, ಹೋಗ್ತಾನೆ. ಬೈಗುಳ ಮೈಗೆ ಅಂಟಲ್ಲ.”

“ಆ ಮುಖ ನೋಡ್ಕೊಂಡು ಹೇಗ್ರೀ ಹೇಳ್ಲಿ? ಇನ್ನೊಂದು ಬರೆದು ಕೊಡ್ತೀನಿ. ಹೇಗೂ ಅವನು ನೋಡೇ ಇಲ್ವಲ್ಲ.”

ಗಂಡ ಹೊಸ ಕ್ಯಾನ್ವಾಸ್ ಒಂದನ್ನು ಬಿಗಿದು ತಂದಿಟ್ಟ. ಅವನ ಸಿಟ್ಟು ಹೀಗೆ, ಕೆಲಸದ ರೂಪದಲ್ಲೇ ಬರುವುದು.

ಮೊದಲನೆಯ ದಿನ ಟೀಚರ್ ಬರೆದ ಬಸ್ಸು ಶಾಲೆಯ ಪುಸ್ತಕದಲ್ಲಿನ ಬಸ್ಸಿನ ಹಾಗೆ ಬಂತು. ಒರೆಸಿ ಮತ್ತೆ ಬರೆದಳು, ಇನ್ನೂ ಚೆನ್ನಾಗಿ ಬಂತು. ಕೆಟ್ಟದಾಗಿ ಬರೆಯುವುದು ಅವಳ ಬಲಗೈಗೆ ಮರೆತೇ ಹೋಗಿತ್ತು. ಗೆರೆ ಎಳೆದರೆ ತಾನಾಗಿ ನೆಟ್ಟಗಾಗುತ್ತಿತ್ತು, ಚಕ್ರ ಎಳೆದರೆ ತಾನಾಗಿ ದುಂಡಗಾಗುತ್ತಿತ್ತು. ಹುಡುಗಿಯ ಚಿತ್ರ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಕೂತಳು. ನೆನಪಾದದ್ದು ತಾನು ಆಡಿದ ಮಾತು ಮಾತ್ರ. “ಏನೇ ಇದು, ಚಕ್ರ ಬರೆದಿದ್ದೀಯೋ ಆಲೂಗಡ್ಡೆಯೋ?” ಎಂದಿದ್ದಳು. ಕ್ಲಾಸೆಲ್ಲ ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ರೇಡಿಯೊ ನಕ್ಕಿದ್ದಳು. ಅದರಾಚೆ ಆ ಚಿತ್ರದಲ್ಲಿ ಏನಿತ್ತು? ಒಂದು ಗೆರೆಯೂ ಕಣ್ಣಿಗೆ ಬರಲಿಲ್ಲ. ‘ಮೊದಲು ನೋಡಿ, ಆಮೇಲೆ ಬರೀರಿ’ ಎಂದು ವಾರ ವಾರ ಬಡಿದುಕೊಳ್ಳುವವಳು ಆ ಮಗುವಿನ ಚಿತ್ರವನ್ನು ನೋಡಿಯೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಯಾರೂ ಇಲ್ಲದ ಕೋಣೆಯಲ್ಲೂ ಮುಖ ಬಿಸಿಯಾಯಿತು.

ಬಸ್ಸು ಬರುವ ಹೊತ್ತಿಗೆ ಹೋಗಿ ತಿರುವಿನಲ್ಲಿ ನಿಂತಳು. ಹೋಗುವಾಗ ನೋಡಿದಳು, ಬರುವಾಗ ನೋಡಿದಳು, ಮಾರನೆಯ ದಿನವೂ ನೋಡಿದಳು. ಡ್ರೈವರ್ ಎದೆ ಸ್ಟೇರಿಂಗಿಗೆ ತಾಗುವಷ್ಟು ಮುಂದೆ ಬಾಗಿ ಕೂರುತ್ತಿದ್ದ. ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲಿತ್ತು. ರಸ್ತೆಯ ಮೇಲಿನ ಗುಂಡಿಗಳನ್ನೆಲ್ಲ ಅನುಮಾನದಿಂದಲೇ ನೋಡಿ ನೋಡಿ ಹಾಗಾಗಿರಬೇಕು. ಮಗಳು ಹಿಂದಿನ ಸೀಟಿನಿಂದ ಅಲ್ಲ, ಮುಂದಿನಿಂದ, ರಸ್ತೆಯ ಬದಿ ನಿಂತು ಅಪ್ಪ ಬರುವುದನ್ನು ಕಾಯುತ್ತಾ ನೋಡಿರಬೇಕು. ದೂರದಿಂದಲೇ ಅಪ್ಪನ ಮುಖ ಕಂಡಿರಬೇಕು, ಬಸ್ಸು ಆಮೇಲೆ.

ಅವಳು ಬಂದು ಬ್ರಷ್ಷನ್ನು ಎಡಗೈಯಲ್ಲಿ ಹಿಡಿದಳು.

ಎಡಗೈಗೆ ಏನೂ ಬರುತ್ತಿರಲಿಲ್ಲ. ಅದು ನಡುಗಿತು, ಒತ್ತಿತು, ಒಂದು ಕಡೆ ಬಣ್ಣ ಸುರಿಯಿತು, ಇನ್ನೊಂದು ಕಡೆ ಕ್ಯಾನ್ವಾಸ್ ಹಾಗೇ ಬಿಟ್ಟಿತು. ಮುಂದಿನ ಗಾಜಿನ ತುಂಬ ಡ್ರೈವರನ ಮುಖ ಬಂತು, ಬಸ್ಸು ಅವನಿಗೆ ಬಿಗಿಯಾದ ಅಂಗಿಯ ಹಾಗೆ ಸುತ್ತ ಅಂಟಿಕೊಂಡಿತು. ಚಕ್ರಗಳು ಬೇರೆ ಬೇರೆ ದಿಕ್ಕಿಗೆ ಹೊರಟವು. ಟೀಚರ್ ಊಟ ಮರೆತಳು. ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವಳಿಗೆ ಗೊತ್ತಾಯಿತು, ಯಾರೂ ಹೇಳಬೇಕಾಗಿರಲಿಲ್ಲ: ಇದು ಒಳ್ಳೆಯ ಚಿತ್ರ. ತಾನು ಹುಟ್ಟಿದಾಗಿನಿಂದ ಬರೆದದ್ದರಲ್ಲಿ ಇದೊಂದೇ ಚಿತ್ರ, ಉಳಿದದ್ದೆಲ್ಲ ಗೋಡೆಗೆ ಸುಣ್ಣ. ಖುಷಿಯಿಂದ ಹತ್ತಿರ ಹೋಗಿ ನೋಡಿದಳು, ಮತ್ತೆ ಹಿಂದೆ ಸರಿದು ನೋಡಿದಳು. ಸತ್ತ ಮಗುವಿನ ಹೆಸರಲ್ಲಿ ಬರೆದ ಸುಳ್ಳಿಗೆ ಹೀಗೆ ಖುಷಿಪಡಬಾರದು ಎಂದೂ ಅನ್ನಿಸಿತು. ಆದರೂ ಖುಷಿ ನಿಲ್ಲಲಿಲ್ಲ.

ಡ್ರೈವರ್ ಬಂದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಹುಬ್ಬನ್ನು ಬೆರಳಿಂದ ಮುಟ್ಟಿಕೊಂಡ.

“ಇದು ಮೇಲಿರೋದು ನಂಗೇ ಗೊತ್ತಿರಲಿಲ್ಲ ಟೀಚರ್. ಆ ಕೂಸು ಯಾವಾಗ ನೋಡ್ತೋ?” ಎಂದ. ಎಂದವನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ. ಬಡಗಿ ನೀರು ತಂದು ಕೊಟ್ಟು, ಹೆಂಡತಿಯ ಕಡೆ ನೋಡದೆ ಹೊರಗೆ ಹೋದ.

“ಮನೆಗೆ ಒಯ್ದ್ರೆ ಅವಳಮ್ಮ ದಿನಾ ಇದರ ಮುಂದೆ ಕೂತ್ಕೊಂಡು ಅಳ್ತಾಳೆ” ಎಂದ ಡ್ರೈವರ್ ಹೋಗುವಾಗ. “ಗ್ಯಾಲರಿಯಲ್ಲಿ ಇದೆ ಅಂತ ಮಗು ಹೇಳ್ತಿತ್ತಲ್ಲ, ಇಲ್ಲೇ ಇರ್ಲಿ. ಆ ಕಿಟಕಿಯಲ್ಲಿ ಹಾಕ್ತೀರಾ? ನಾನು ಹೋಗ್ತಾ ಬರ್ತಾ ನೋಡ್ತೀನಿ.”

ಚಿತ್ರ ಕಿಟಕಿಗೆ ಬಂತು. ಅಂದಿನಿಂದ ಆ ತಿರುವಿನಲ್ಲಿ ಬಸ್ಸು ಹೆಚ್ಚುಕಡಿಮೆ ನಿಂತೇ ಹೋಗುತ್ತಿತ್ತು. ಪ್ರಯಾಣಿಕರು ಮೊದಮೊದಲು ಗೊಣಗಿದರು, ಆಮೇಲೆ ವಿಷಯ ತಿಳಿದು ಅವರೂ ಆ ಕಡೆ ನೋಡತೊಡಗಿದರು. ಟೀಚರ್ ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಅಷ್ಟು ಜನ ದಿನಾ ತನ್ನ ಚಿತ್ರವನ್ನು ನೋಡುತ್ತಾರೆ, ಒಬ್ಬರಿಗೂ ಅದು ತನ್ನದೆಂದು ಗೊತ್ತಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಇತ್ತು ಅವಳ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಳೆಗಾಲ ಮುಗಿದು ಜಲಪಾತದ ಜನ ಹೆಚ್ಚಾದ ಸಮಯದಲ್ಲಿ, ದಾಟಿ ಹೋಗಿದ್ದ ಕಾರೊಂದು ಹಿಂದಕ್ಕೆ ಬಂದು ಕಿಟಕಿಯ ಎದುರು ನಿಂತಿತು. ಇಳಿದವಳು ನಗರದಲ್ಲಿ ದೊಡ್ಡ ಗ್ಯಾಲರಿ ನಡೆಸುವ ಮೇಡಂ. ಟೀಚರ್ ನೋಡಿದ ಕೂಡಲೇ ಗುರುತು ಹಿಡಿದಳು. ಆ ಮೇಡಂಗೆ ತನ್ನ ಬೆಟ್ಟಗಳ ಫೋಟೋ ಎಷ್ಟೋ ಬಾರಿ ಕಳಿಸಿದ್ದಳು, ಒಂದಕ್ಕೂ ಉತ್ತರ ಬಂದಿರಲಿಲ್ಲ. ಮೇಡಂ ಶೌಚಾಲಯ ಕೇಳಲಿಲ್ಲ. ನೇರ ಕಿಟಕಿಯ ಹತ್ತಿರ ಹೋಗಿ ನಿಂತಳು. ನಿಂತೇ ಇದ್ದಳು.

“ಇದು ಯಾರದು?”

“ನಂದು” ಎಂದಳು ಟೀಚರ್.

ಯೋಚಿಸಿ ಹೇಳಿದ್ದಲ್ಲ, ಬಿಕ್ಕಳಿಕೆಯಂತೆ ತಾನೇ ಬಂದು ಹೋಯಿತು. ತಮಾಷೆಯೆಂದರೆ ಅದು ನಿಜವೇ ಆಗಿತ್ತು.

ಮೇಡಂ ಗೋಡೆಗಳ ಕಡೆ ಒಮ್ಮೆ ತಿರುಗಿದಳು. “ಈ ಬೆಟ್ಟಗಳೂ ನಿಮ್ಮವೇನಾ?”

“ಹ್ಞೂಂ.”

“ಹೌದಾ” ಎಂದಳು ಮೇಡಂ, ಅಷ್ಟೇ. ಮತ್ತೆ ಬಸ್ಸಿನ ಕಡೆ ತಿರುಗಿ, “ಇದನ್ನ ಮುಂದಿನ ಪ್ರದರ್ಶನಕ್ಕೆ ಹಾಕ್ತೀನಿ. ಸಹಿ ಯಾಕೆ ಹಾಕಿಲ್ಲ? ಸಹಿ ಹಾಕಿ ಕಳಿಸಿ” ಎಂದಳು.

ಕಾರು ಹೋದ ಮೇಲೆ ಬಡಗಿ ಬಾಗಿಲಲ್ಲಿ ಬಂದು ನಿಂತ. “ಅದು ನಿಂದಾ?”

“ನಂದಲ್ದೆ ಇನ್ಯಾರದು? ನಾನು ತಾನೆ ಬರೆದಿದ್ದು?”

“ಬರೆದಿದ್ದು ನೀನೇ. ಕೊಟ್ಟಿದ್ದು ಆ ಮಗು ಹೆಸರಲ್ಲಿ. ಕೊಟ್ಟದ್ದನ್ನ ವಾಪಸ್ ಕಿತ್ಕೊಳ್ಳೋರಿಗೆ ಏನಂತಾರೆ ನಂಗೆ ಗೊತ್ತಿಲ್ಲ, ನೀನು ಓದಿದೋಳು, ನಿಂಗೆ ಗೊತ್ತಿರ್ಬೇಕು.”

“ರೀ, ನಂಗೆ ಇನ್ನೆಷ್ಟು ಅವಕಾಶ ಸಿಗುತ್ತೆ ಹೇಳಿ. ಎಷ್ಟು ವರ್ಷ ಆಯ್ತು! ಇಷ್ಟೂ ವರ್ಷ ಸೂರ್ಯನ್ನ ಮುಳುಗಿಸಿದ್ದೇ ಬಂತು. ಒಂದೇ ಒಂದು ಸಲ ನನ್ನ ಹೆಸರು ಒಂದು ಒಳ್ಳೇ ಚಿತ್ರದ ಕೆಳಗೆ ಇರ್ಬಾರ್ದಾ?” ಬಡಗಿ ತನ್ನ ಮೇಜಿಗೆ ಹಿಂದಿರುಗಿದ.

ಕಿಟಕಿಯನ್ನು ಖಾಲಿ ಬಿಡುವಂತಿರಲಿಲ್ಲ. ಅವಳು ಅಷ್ಟೇ ಅಳತೆಯ ಕ್ಯಾನ್ವಾಸ್ ತೆಗೆದುಕೊಂಡು ನಕಲು ಮಾಡಿದಳು. ಎಡಗೈಯಲ್ಲಿ ಮಾಡಲು ನೋಡಿದಳು, ಬೇರೆಯೇ ಬಸ್ಸು ಬಂತು; ಕೊನೆಗೆ ಎಡಗೈಯ ಗೆರೆಗಳನ್ನು ಬಲಗೈಯೇ ನೋಡಿ ನೋಡಿ ಇಳಿಸಿತು. ಚಕ್ರ ಎಷ್ಟು ಸೊಟ್ಟವೋ ಅಷ್ಟೇ ಸೊಟ್ಟ, ಹುಬ್ಬು ಎಷ್ಟು ಮೇಲೋ ಅಷ್ಟೇ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಕಲು ಸತ್ತು ಬಿದ್ದಿರುವುದು ಅವಳಿಗೆ ಕಂಡಿತು. ಆದರೆ ನೋಡುವವನು ಯಾರು? ಬಸ್ ಡ್ರೈವರ್. ಓಡುವ ಬಸ್ಸಿನಿಂದ ಕಣ್ಣು ಹಾಯಿಸುವವನಿಗೆ ಕೆಂಪಗಿದ್ದರೆ ಸಾಕು ಅಂದುಕೊಂಡಳು. ಮೂಲ ಚಿತ್ರದ ಮೂಲೆಯಲ್ಲಿ ತನ್ನ ಹೆಸರು ಬರೆದು ನಗರಕ್ಕೆ ಕಳಿಸಿದಳು.

ಪ್ರದರ್ಶನ ಶುರುವಾದ ದಿನ ತಾನೂ ಹೋದಳು. ದೊಡ್ಡ ಬಿಳಿ ಗೋಡೆ, ಮೇಲಿಂದ ದೀಪ, ಕೆಳಗೆ ಚೀಟಿಯಲ್ಲಿ ಅವಳ ಹೆಸರು. ಜನ ಬಂದು ನಿಂತರು. ಒಬ್ಬಾಕೆ ದೂರ ಹೋದವಳು ಮತ್ತೆ ಬಂದು ನೋಡಿದಳು. ಯಾರೋ ಇವಳ ಫೋಟೋ ತೆಗೆದು ಪತ್ರಿಕೆಗೆ ಬೇಕು ಎಂದರು. ಸುಳ್ಳೇಕೆ, ಟೀಚರ್ ಸುಖಪಟ್ಟಳು. ಆ ಸಂಜೆಯಷ್ಟು ಸುಖ ಅವಳಿಗೆ ಮದುವೆಯಲ್ಲೂ ಆಗಿರಲಿಲ್ಲ. ರೇಡಿಯೊ ಅವಳಿಗೆ ಒಮ್ಮೆಯೂ ನೆನಪಾಗಲಿಲ್ಲ.

ಮರಳಿ ಬರುವಾಗ ಕೊನೆಯ ದಾರಿಗೆ ಕೆಂಪು ಬಸ್ಸೇ ಗತಿ. ಹಿಂದಿನ ಸೀಟಿನಲ್ಲಿ ಮುದುಡಿ ಕೂತಳು. ತಿರುವು ಬಂತು. ಬಸ್ಸು ನಿಧಾನವಾಯಿತು, ಪೂರ್ತಿ ನಿಂತಿತು, ಇಂಜಿನ್ನೂ ಆರಿತು.

“ಏನಾಯ್ತಣ್ಣ?” ಎಂದ ಕಂಡಕ್ಟರ್.

ಡ್ರೈವರ್ ಸೀಟಿನಲ್ಲೇ ಹಿಂದಕ್ಕೆ ತಿರುಗಿದ. “ಟೀಚರ್, ಆ ಚಿತ್ರ ಎಲ್ಲಿ?”

“ಅಲ್ಲೇ ಇದೆಯಲ್ಲ, ಕಿಟಕಿಯಲ್ಲಿ.”

“ಅದಲ್ಲ. ಇದು ಬೇರೆ. ಒಂದು ವಾರದಿಂದ ಬೇರೆ ಇದೆ. ನನ್ನ ಹಾಗೇ ಇದೆ, ಆದ್ರೆ ನಾನಲ್ಲ.”

ಬಸ್ಸಿನ ತಲೆಗಳೆಲ್ಲ ಅವಳ ಕಡೆ ತಿರುಗಿದವು. “ಏನು ಕಳೆದುಹೋಯ್ತಂತೆ?” ಎಂದು ಒಬ್ಬ ಅಜ್ಜಿ ಪಕ್ಕದವರನ್ನು ಕೇಳಿದಳು.

“ನಗರದ ದೊಡ್ಡ ಗ್ಯಾಲರಿಯವರು ಪ್ರದರ್ಶನಕ್ಕೆ ಕೇಳಿದ್ರು, ಕಳಿಸಿದ್ದೀನಿ” ಎಂದಳು ಟೀಚರ್. ಒಂದು ಸುಳ್ಳಿಗೆ ಇನ್ನೊಂದು ಎಷ್ಟು ಬೇಗ ಒದಗಿಬರುತ್ತದೆ! “ಕಿಟಕಿ ಬರಿದಾಗಿ ಕಾಣ್ಬಾರ್ದು ಅಂತ ನಾನೇ ಒಂದು ನಕಲು ಮಾಡಿ ಹಾಕ್ದೆ. ಹೇಳೋಣ ಅಂತಿದ್ದೆ.”

ಡ್ರೈವರನ ಮುಖ ಅರಳಿತು. “ಕೇಳಿದ್ರಾ? ನಮ್ಮ ಕೂಸಿನ ಚಿತ್ರ ನಗರದಲ್ಲಿ ಹಾಕಿದ್ದಾರಂತೆ!” ಎಂದು ಇಡೀ ಬಸ್ಸಿಗೆ ಹೇಳಿದ. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಅಜ್ಜಿ ಟೀಚರಳ ಕೈ ಹಿಡಿದುಕೊಂಡು, “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ” ಎಂದಳು.

“ಭಾನುವಾರ ನಂಗೆ ರಜೆ. ಅವಳಮ್ಮನ್ನೂ ಕರ್ಕೊಂಡು ಹೋಗಿ ನೋಡ್ಕೊಂಡು ಬರ್ತೀವಿ” ಎಂದ ಡ್ರೈವರ್. “ಕೆಳಗೆ ಅವಳ ಹೆಸರು ಹಾಕಿರ್ತಾರಲ್ವಾ ಟೀಚರ್?”

“ಹಾಕಿರ್ತಾರೆ.”

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಗಂಡನ ಮೇಜಿನ ಎದುರು ಕೂತಳು. ಹೇಳಿದಳು. ಬಡಗಿ ಕೇಳಿಸಿಕೊಂಡ. “ಮಾಡಿದ್ದುಣ್ಣೋ ಮಹರಾಯ” ಎನ್ನಬಹುದಿತ್ತು, ಅನ್ನಲಿಲ್ಲ. ಇರುವುದು ಎರಡೇ ದಾರಿ ಎಂದು ಇಬ್ಬರಿಗೂ ಗೊತ್ತಿತ್ತು. ಡ್ರೈವರನ ಬಳಿ ಹೋಗಿ, ನಿನ್ನ ಮಗಳ ಚಿತ್ರದ ಮೇಲೆ ಬಿಳಿ ಬಳಿದಿದ್ದೇವೆ, ನೀನು ನೋಡಿ ಅತ್ತದ್ದು ನನ್ನ ಚಿತ್ರ ಎಂದು ಹೇಳುವುದು. ಇಲ್ಲವೇ ಮೇಡಂಗೆ, ಅದು ನನ್ನದಲ್ಲ ಎಂದು ಹೇಳುವುದು. ಒಂದು ಕಡೆ ನಿಜ ಹೇಳಿದರೆ ಮಗಳು ಅವನಿಗೆ ಎರಡನೆಯ ಸಲ ಸಾಯುತ್ತಾಳೆ. ಇನ್ನೊಂದು ಕಡೆ ಸುಳ್ಳು ಹೇಳಿದರೆ ತಾನು ಕಳ್ಳಿಯಾಗುತ್ತಾಳೆ. ಅವನ ಮೇಲಿನ ಕರುಣೆಯಿಂದಲೋ, ಚಪ್ಪಾಳೆ ತಟ್ಟಿದ ಆ ಬಸ್ಸಿನ ಭಯದಿಂದಲೋ, ಅವಳು ಎರಡನೆಯದನ್ನು ಆರಿಸಿಕೊಂಡಳು. ಯಾವುದು ಎಷ್ಟು ಪಾಲು ಎಂದು ಅವಳಿಗೂ ಗೊತ್ತಿಲ್ಲ.

ಮೇಡಂಗೆ ಫೋನ್ ಮಾಡಿ, ಅದು ತೀರಿಹೋದ ಹುಡುಗಿಯೊಬ್ಬಳು ಬರೆದದ್ದು ಎಂದಳು.

“ಅಂದ್ರೆ, ಸತ್ತು ಹೋದ ಮಗುವಿನ ಚಿತ್ರಕ್ಕೆ ನಿಮ್ಮ ಸಹಿ ಹಾಕಿ ಕಳಿಸಿದ್ರಿ.”

“ಹೌದು.”

“ನಾಚ್ಕೆ ಆಗ್ಬೇಕು ನಿಮ್ಗೆ. ಪತ್ರಿಕೆಯವರಿಗೆ ನಾನೇನು ಹೇಳ್ಲಿ? ಇವತ್ತೇ ಯಾರನ್ನಾದ್ರೂ ಕಳಿಸಿ, ತಗೊಂಡು ಹೋಗ್ಲಿ.” ಮೇಡಂ ಫೋನ್ ಇಡುವವಳಿದ್ದಳು, ಇಡಲಿಲ್ಲ. “ನಿಜ ಹೇಳ್ಬೇಕಂದ್ರೆ ನಂಗೆ ಅವತ್ತೇ ಅನುಮಾನ ಬಂದಿತ್ತು. ನಿಮ್ಮ ಬೆಟ್ಟಗಳನ್ನ ನೋಡಿದ್ನಲ್ಲ. ಆ ಕೈಯಿಂದ ಈ ಚಿತ್ರ ಬರೋದು ಸಾಧ್ಯನೇ ಇಲ್ಲ.”

ಟೀಚರಿಗೆ ಹೇಳುವುದಕ್ಕೆ ಒಂದೇ ಮಾತಿತ್ತು, ಅದನ್ನು ಹೇಳುವ ಹಾಗಿರಲಿಲ್ಲ.

ಬಡಗಿ ಹೋಗಿ ಚಿತ್ರ ತಂದ. ಅವಳು ರಸ್ತೆಯ ಬೂದು ಬಣ್ಣವನ್ನು ಕಲಸಿ ತನ್ನ ಹೆಸರಿನ ಮೇಲೆ ಬಳಿದಳು. ಕಿಟಕಿಯಿಂದ ನಕಲನ್ನು ಇಳಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಪ್ರದರ್ಶನ ಬೇಗ ಮುಗಿಯಿತು, ಚಿತ್ರ ಇಲ್ಲಿಗೇ ಬಂದಿದೆ ಎಂದು ಡ್ರೈವರನಿಗೆ ಹೇಳಿ ಕಳಿಸಿದಳು.

ಭಾನುವಾರ ಕ್ಲಾಸು ಮುಗಿದ ಮೇಲೆ ಡ್ರೈವರ್, ಅವನ ಹೆಂಡತಿ ಇಬ್ಬರೂ ಬಂದರು. ಹುಡುಗಿಯ ತಾಯಿ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಅವಳು ಅಳಲಿಲ್ಲ. ಚಿತ್ರದ ಹತ್ತಿರ ಹೋಗಿ, ಸೊಟ್ಟ ಚಕ್ರಗಳನ್ನು ಒಂದೊಂದಾಗಿ ನೋಡಿದಳು.

ಡ್ರೈವರ್ ಬಗ್ಗಿ ಮೂಲೆಯನ್ನು ಪರೀಕ್ಷಿಸಿದ. “ಇಲ್ಲಿ ಏನೋ ಮೆತ್ತಿದ ಹಾಗಿದೆ.”

“ಸಾಗಿಸುವಾಗ ತರಚಿತ್ತು. ಸ್ವಲ್ಪ ಬಣ್ಣ ಹಾಕ್ದೆ.”

“ಹಾಕ್ಬಾರ್ದಿತ್ತು ಟೀಚರ್. ತರಚಿದ್ರೂ ಅವಳದೇ ಆಗಿರ್ತಿತ್ತು” ಎಂದ. ಆಮೇಲೆ ಹೆಂಡತಿಯ ಮುಖ ನೋಡಿ, “ಇದನ್ನ ಮನೆಗೆ ಒಯ್ತೀವಿ” ಎಂದ.

“ಕಿಟಕಿಯಲ್ಲೇ ಇರ್ಲಿ ಅಂದಿದ್ರಲ್ಲ?”

“ಅಂದಿದ್ದೆ. ಆದ್ರೆ ನೀವು ಒಂದು ಮಾತೂ ಕೇಳ್ದೆ ಊರು ದಾಟಿಸಿದ್ರಿ. ಒಳ್ಳೇದಕ್ಕೇ ಮಾಡಿದ್ದೀರಿ, ಇಲ್ಲ ಅನ್ನಲ್ಲ. ಆದ್ರೂ ಇನ್ಮೇಲೆ ನಮ್ಮ ಹತ್ರಾನೇ ಇರ್ಲಿ.”

ತಾಯಿ ಆಗಲೇ ಚಿತ್ರವನ್ನು ಕೊಕ್ಕೆಯಿಂದ ಬಿಡಿಸಿ, ತಂದಿದ್ದ ಹಳೆಯ ಚಾದರದಲ್ಲಿ ಸುತ್ತುತ್ತಿದ್ದಳು. ಮೊದಲು ಚಕ್ರ ಮುಚ್ಚಿತು, ಆಮೇಲೆ ಮುಖ. ಟೀಚರ್ ನೋಡುತ್ತಾ ನಿಂತಳು. ಬಾಗಿಲವರೆಗೂ ಅವರ ಹಿಂದೆಯೇ ಹೋದಳು. ಕೇಳಬಾರದೆಂದು ಗೊತ್ತಿದ್ದೂ ತಡೆದುಕೊಳ್ಳಲಾಗಲಿಲ್ಲ.

“ಒಂದು ಮಾತು. ಆ ಚಿತ್ರ ಹೇಗಿದೆ? ನಿಮಗೆ ಅನ್ಸಿದ್ದನ್ನ ಹೇಳಿ.”

ಡ್ರೈವರ್ ನಿಂತ. “ನಂಗೆ ಚಿತ್ರ ಗಿತ್ರ ತಿಳಿಯಲ್ಲ ಟೀಚರ್. ಆದ್ರೆ ಇದನ್ನ ನೋಡಿದಾಗೆಲ್ಲ, ನನ್ನನ್ನ ಯಾರೋ ಸರಿಯಾಗಿ ನೋಡಿದ್ದಾರೆ ಅನ್ಸುತ್ತೆ. ಹುಟ್ಟಿದಾಗಿಂದ ಹಾಗೆ ಯಾರೂ ನೋಡಿರಲಿಲ್ಲ. ಅದು ಅವಳ ಕೈ. ಬೇರೆ ಯಾರಿಗೂ ಬರಲ್ಲ.” ಅವಳ ಮುಖದಲ್ಲಿ ಏನು ಕಂಡನೋ, ಸಮಾಧಾನ ಮಾಡುವವನಂತೆ ಸೇರಿಸಿದ: “ನಿಮಗೂ ಬರಲಿಲ್ವಲ್ಲ. ಪಾಪ, ಪ್ರಯತ್ನಪಟ್ಟಿದ್ರಿ, ಕಿಟಕಿಯಲ್ಲಿ ನೋಡ್ದೆ.”

“ಹೌದು, ಬರಲಿಲ್ಲ” ಎಂದಳು ಟೀಚರ್. ಚಿತ್ರ ಅಗಲವಾಗಿತ್ತು, ಅದು ತಾಗದೆ ಹೋಗಲೆಂದು ಬಾಗಿಲಿನ ಇನ್ನೊಂದು ಕದವನ್ನೂ ತೆರೆದು ಹಿಡಿದಳು.